ಜೊತೆಗಾರನ ಹೆಸರು ಕೇಳದ ಬೆಳ್ಳಿ

ಬಣ್ಣ ಬೇಗ ತಿರುಗಿತು. ಫ್ಲಾಸ್ಕಿನ ಹಳದಿ ನೀರು ಹಾಲುಗಟ್ಟಿ, ಇನ್ನೂ ಹೊತ್ತಿದೆ ಎಂದುಕೊಳ್ಳುವಷ್ಟರಲ್ಲೇ ಇಟ್ಟಿಗೆ ಕೆಂಪಾಗಿ ನಿಂತಿತು. ಇಳಿಯಬೇಕಿದ್ದ ಸಿಲ್ವರ್ ನೈಟ್ರೇಟಿನಲ್ಲಿ, ಅಂದರೆ ಉಪ್ಪು ಅಳೆಯುವ ಬೆಳ್ಳಿಯ ನೀರಿನಲ್ಲಿ, ಐದರಲ್ಲೊಂದು ಪಾಲು ಬ್ಯೂರೆಟ್ ಕೊಳವೆಯಲ್ಲೇ ಉಳಿದಿತ್ತು.

"ಉಪ್ಪು ಮತ್ತೆ ಕಮ್ಮಿ," ಎಂದಳು ಹನಿಯಮ್ಮ. ಹನಿ ಹನಿಯಾಗಿ ಬಿಟ್ಟು ಅಳೆಯುವ ಕೆಲಸ ನೋಡಿ ಆಸ್ಪತ್ರೆಯವರು ಇಟ್ಟ ಹೆಸರು ಅದು. ಮೂತ್ರಪಿಂಡ ಸೋತವರ ರಕ್ತ ತೊಳೆಯುವ ಯಂತ್ರಗಳಿಗೆ ಬೇಕಾದ ಉಪ್ಪುನೀರು ನೆಲಮಾಳಿಗೆಯ ಈ ಕೋಣೆಯಲ್ಲೇ ತಯಾರಾಗಿ, ಕ್ಯಾನುಗಳಲ್ಲಿ ಮೇಲಕ್ಕೆ ಹೋಗುತ್ತಿತ್ತು.

ಉಪ್ಪು ಕಲಸುವ ಸೌಟಣ್ಣ ತಲೆ ಎತ್ತಲಿಲ್ಲ. "ಕಮ್ಮಿ ಆದ್ರೆ ಮುಖ ಯಾಕೆ ಊದಿಸ್ತೀಯ? ಇನ್ನೊಂದು ಸೌಟು ಹಾಕಿದ್ರಾಯ್ತು. ಬೆಳಿಗ್ಗೆ ಹಾಗೇ ಮಾಡಿ ಸರಿಹೋಗ್ಲಿಲ್ವಾ?"

ಆ ಕೋಣೆಯ ಪದ್ಧತಿಯೇ ಅದು. ಅಳತೆ ಕಮ್ಮಿ ಬಂದರೆ ಅದೇ ಚೀಲದ ಉಪ್ಪು ಸೇರಿಸುವುದು, ಸರಿ ಬಂದ ಕೂಡಲೇ ಸಹಿ ಹಾಕಿ ಕಳಿಸುವುದು.

"ತೂಕ ಮಾಡೇ ಹಾಕಿದ್ದಲ್ವಾ ಅಣ್ಣ?"

"ತಕ್ಕಡಿ ಮುಟ್ಟಿ ಆಣೆ ಮಾಡ್ಲಾ? ಇವತ್ತು ಒಡೆದ ಹೊಸ ಚೀಲ ಅದು. ಉಪ್ಪು ಥಂಡಿ ಹಿಡಿದಿರ್ಬೇಕು, ಬಿಡು."

ಅವಳು ಚೀಲದೊಳಗೆ ಕೈಯಿಟ್ಟಳು. ಉಪ್ಪು ಗರಿಗರಿಯಾಗಿ ಒಣಗಿತ್ತು, ಬೆರಳ ಸಂದಿಯಿಂದ ಸುರಿದುಹೋಯಿತು. ತೂಕವೂ ಸುಳ್ಳಲ್ಲ, ಬೆಳ್ಳಿಯೂ ಸುಳ್ಳಲ್ಲ. ಹಾಗಾದರೆ ಎರಡು ಸಲವೂ ಅಷ್ಟೇ ಕಮ್ಮಿ ಏಕೆ?

ಬೆಳ್ಳಿ ಹುಡುಕುವುದು ಉಪ್ಪಿನೊಳಗಿನ ಕ್ಲೋರೈಡನ್ನು ಮಾತ್ರ. ಅದು ಯಾರ ಕೈ ಹಿಡಿದು ಬಂದಿದೆ ಎಂದು ಕೇಳುವುದಿಲ್ಲ. ಸೋಡಿಯಂ ಆದರೂ ಒಂದೇ, ಪೊಟ್ಯಾಸಿಯಂ ಆದರೂ ಒಂದೇ. ಆದರೆ ಪೊಟ್ಯಾಸಿಯಂ ಮೈಭಾರದ ಆಸಾಮಿ. ಅಷ್ಟೇ ತೂಕದ ಉಪ್ಪಿನಲ್ಲಿ ಕ್ಲೋರೈಡಿಗೆ ಉಳಿಯುವ ಜಾಗ ಕಮ್ಮಿ.

ತಂತಿಯ ತುದಿಗೆ ಒಂದು ಕಾಳು ಉಪ್ಪು ಅಂಟಿಸಿ ಬರ್ನರಿನ ಉರಿಗೆ ಹಿಡಿದಳು. ಸೋಡಿಯಂ ಆಗಿದ್ದರೆ ಅರಿಶಿನದಂತೆ ಉರಿಯಬೇಕಿತ್ತು. ಎದ್ದದ್ದು ತೆಳು ನೇರಳೆ. ಅಜ್ಜಿಯ ಕಥೆಯಲ್ಲಿ ಮಾಯಾವಿ ರಾಣಿ ಉಡುವಂಥ ಬಣ್ಣ, ಅಷ್ಟು ಚೆಂದ.

"ಚೀಟೀಲಿ ಸೋಡಿಯಂ ಅಂತಾನೇ ಇದೆಯಲ್ಲೇ!" ಸೌಟಣ್ಣ ಚೀಲದ ಮೇಲಿನ ಚೀಟಿಗೆ ಬೆರಳಿಟ್ಟ.

"ಒಳಗಿರೋದು ಪೊಟ್ಯಾಸಿಯಂ ಅಣ್ಣ. ಇದು ರಕ್ತಕ್ಕೆ ಸೇರಿದ್ರೆ ಗುಂಡಿಗೆ ನಿಲ್ಲತ್ತೆ."

ಈ ಚೀಲದಿಂದ ಮೇಲಕ್ಕೆ ಹೋದದ್ದು ಬೆಳಿಗ್ಗೆಯ ಒಂದೇ ಕ್ಯಾನು. ಕಮ್ಮಿ ಬಂದದ್ದನ್ನು ತಾನೇ ನಿಂತು ಸರಿಮಾಡಿಸಿ, ಮುದ್ದಾಗಿ ಸಹಿ ಹಾಕಿ, ತನ್ನನ್ನು ಸಾಕಿ ಬೆಳೆಸಿದ, ಇವತ್ತು ರಕ್ತ ತೊಳೆಸಿಕೊಳ್ಳಲು ಬಂದಿದ್ದ ದೊಡ್ಡಮ್ಮನ ಹೆಸರಿಗೆ ಅವಳೇ ಕಳಿಸಿದ್ದಳು. ವಾರ್ಡಿಗೆ ಫೋನು ಮಾಡಿದಳು; ಅಲ್ಲಿ ಅದು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ರಿಸೀವರ್ ಬಿಸಾಕಿ ಮೆಟ್ಟಿಲು ಹತ್ತಿ ಓಡಿದಳು. ಸಾಕಿದ ಕೈಗೆ ಅಳೆದೂ ಅಳೆದೂ ವಿಷ ಕಳಿಸಿದೆನಲ್ಲ ಎಂಬ ಮಾತು ಅವಳ ಜೊತೆಗೇ ಮೆಟ್ಟಿಲು ಹತ್ತುತ್ತಿತ್ತು.

ಬಾಗಿಲ ಬಳಿ ಕುರ್ಚಿಯಲ್ಲಿ ದೊಡ್ಡಮ್ಮ ಕಾಲಾಡಿಸುತ್ತ ಕೂತಿದ್ದಳು. ಮೈಗೆ ಯಾವ ಕೊಳವೆಯೂ ಇರಲಿಲ್ಲ.

"ಏನೇ ಇದು ಏದುಸಿರು? ದೆವ್ವ ಅಟ್ಟಿಸ್ಕೊಂಡು ಬಂತಾ?"

"ನಿಂಗಿನ್ನೂ ಹಾಕಿಲ್ವಾ ದೊಡ್ಡಮ್ಮ?" ಹನಿಯಮ್ಮ ಅವಳ ಎರಡೂ ತೋಳು ತಡವಿ ನೋಡಿದಳು.

"ಇಲ್ಲ ಕಣೇ. ಆ ಮೂಲೆ ಹಾಸಿಗೆಯವ್ರಿಗೆ ಉಸಿರಾಡೋಕೂ ಕಷ್ಟ ಆಗ್ತಿತ್ತು, ಪಾಪ. ನನ್ನ ಕ್ಯಾನೇ ಕೊಟ್ಟುಬಿಡಿ ಅಂದೆ. ನಮ್ಮ ಹುಡುಗಿ ಅಳೆದಿರೋದು, ಧೈರ್ಯವಾಗಿ ಹಾಕಿಸ್ಕೊಳ್ಳಿ ಅಂದೆ. ಈಗಷ್ಟೇ ಹಾಕಿದ್ರು."

ಮೂಲೆಯ ಪರದೆಯ ಹಿಂದೆ ಯಂತ್ರ ಗುಂಯ್‌ಗುಡುತ್ತಿತ್ತು. ಹನಿಯಮ್ಮ ಪರದೆ ಕಿತ್ತೆಳೆದು, ನರ್ಸಮ್ಮನನ್ನು ಪಕ್ಕಕ್ಕೆ ನೂಕಿ ಸ್ವಿಚ್ ಆರಿಸಿ, ಕ್ಯಾನಿನ ಕೊಳವೆಯನ್ನು ಮಡಚಿ ಮುಷ್ಟಿಯಲ್ಲಿ ಹಿಂಡಿ ಹಿಡಿದಳು.

"ತಲೆ ಕೆಟ್ಟಿದೆಯೇನೇ ನಿಂಗೆ?" ಎಂದು ನರ್ಸಮ್ಮ ಕಿರುಚಿದಳು.

"ಡಾಕ್ಟ್ರನ್ನ ಕರೀರಿ! ಮೊದ್ಲು ಕರೀರಿ!"

ಹಾಸಿಗೆಯಲ್ಲಿದ್ದ ಮುದುಕರು ಅವಳನ್ನೇ ನೋಡಿದರು. ಒಂದು ಕೈ ಮೆಲ್ಲಗೆ ಎದೆಯ ಮೇಲೆ ಬಂತು. ಏನೋ ಹೇಳಲೆಂದು ಬಾಯಿ ತೆರೆದರು.

ಕೊಳವೆ ಬಿಡದೆ ಅವಳು ಆ ಮಾತಿಗೆ ಕಾದಳು.