ಕೋಲಿಲ್ಲದ ಆಟ

ಹೆಣಕ್ಕೆ ಹಾರ ಹಾಕಲು ಬಗ್ಗಿದ ಗೋಪಾಲಪ್ಪನ ಮುಂಗೈಯನ್ನು ಹಾಲಮ್ಮ ಗಟ್ಟಿಯಾಗಿ ಹಿಡಿದುಕೊಂಡಳು.

"ಅದನ್ನ ಕೆಳಗಿಡಿ."

ಅಂಗಳದಲ್ಲಿ ಸೇರಿದ್ದವರು ತಿರುಗಿ ನೋಡಿದರು. ಗೋಪಾಲಪ್ಪ ಸಾಗರದ ಕ್ಲಬ್ಬಿನ ಅಧ್ಯಕ್ಷ. ಅವನ ಫೋಟೊ ತೆಗೆಯಲೆಂದು ಮೊಬೈಲು ಎತ್ತಿದ್ದವನು ಮೆಲ್ಲಗೆ ಕೈ ಇಳಿಸಿದ.

"ದುಃಖದಲ್ಲಿದ್ದೀರಿ, ಇರ್ಲಿ," ಎಂದ ಗೋಪಾಲಪ್ಪ ಕೈ ಬಿಡಿಸಿಕೊಳ್ಳುತ್ತ. "ಅಂಜನಪ್ಪ ನಮ್ಮ ಹಳೇ ಮೆಂಬರ್ರು. ಸ್ಮಶಾನಕ್ಕೆ ಹೋಗ್ತಾ ವ್ಯಾನನ್ನ ಕ್ಲಬ್ಬಿನ ಹತ್ರ ನಿಲ್ಸಿ. ಎಲ್ರೂ ಕಾಯ್ತಿದಾರೆ. ಗೌರವ ಸಲ್ಲಿಸ್ಬೇಕು."

ಗೌರವ! ಹಾಲಮ್ಮ ಗಂಡನ ಹೆಣಕ್ಕೆ ಅಡ್ಡ ನಿಂತಳು.

"ಅಮ್ಮಾ, ಇವತ್ತು ಬೇಡ," ಎಂದು ಮಗಳು ಶಿಲ್ಪಶ್ರೀ ಅವಳ ಸೆರಗು ಜಗ್ಗಿದಳು.

*

ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಪ್ರೈವೇಟ್ ಬಸ್ಸು ಓಡಿಸುತ್ತಲೇ ಅಂಜನಪ್ಪನ ಆಯುಷ್ಯ ಕಳೆದಿತ್ತು. ಕೈ ನಡುಗತೊಡಗಿದ ಮೇಲೆ ಸ್ಟೇರಿಂಗ್ ಬಿಟ್ಟ. ಸಂಜೆ ಕ್ಲಬ್ಬಿಗೆ ಹೋಗಿ, ಕೋಲಿನಿಂದ ಬಿಳಿ ಚೆಂಡು ತಳ್ಳಿ ಬಣ್ಣದ ಚೆಂಡುಗಳನ್ನು ಮೇಜಿನ ಗುಳಿಗೆ ಬೀಳಿಸುವ ಪೂಲ್ ಆಡುವುದೊಂದೇ ಉಳಿಯಿತು. ಬರಬರುತ್ತ ಆಟದ ಕೋಲೂ ಕೈಯಲ್ಲಿ ನಿಲ್ಲದಾಯಿತು. ಒಂದು ದಿನ ಅದನ್ನು ಗೋಡೆಗೆ ಒರಗಿಸಿ ಮನೆಗೆ ಹೊರಟವನನ್ನು, ಅವನ ಬಸ್ಸಿನಲ್ಲೇ ಕಂಡಕ್ಟರಾಗಿದ್ದ ಶಿವು ತಡೆದ.

"ಕೋಲು ಯಾರಿಗೆ ಬೇಕು ಮಾರಾಯ? ಬಿಳೀ ಚೆಂಡನ್ನ ಕೈಲೇ ಉರುಳ್ಸು. ನಾನೂ ಹಂಗೇ ಆಡ್ತೀನಿ."

ನಾಲ್ಕು ದಿನದಲ್ಲಿ ಉಳಿದವರೂ ಕೈಯಾಟಕ್ಕೆ ಇಳಿದರು. ಒಂದು ರಾತ್ರಿ ಊಟದ ಹೊತ್ತಿಗೆ ಅಂಜನಪ್ಪ ಅಡುಗೆಮನೆಯ ನೆಲದ ಮೇಲೆ ಈರುಳ್ಳಿ ಉರುಳಿಸಿ ಹೆಂಡತಿಗೆ ಆಟ ಕಲಿಸಿದ. "ಕೈ ಎಷ್ಟಾದ್ರೂ ನಡುಗ್ಲಿ ಕಣೆ, ಚೆಂಡು ಬಿಟ್ಟ ಮೇಲೆ ನೆಟ್ಟಗೆ ಹೋಗತ್ತೆ!" ಎಂದು ಮಕ್ಕಳಂತೆ ನಕ್ಕ.

ಆ ನಗು ಬಹಳ ದಿನ ಬಾಳಲಿಲ್ಲ. ಗೋಪಾಲಪ್ಪ ಒಂದು ಸಂಜೆ ಎಲ್ಲರೆದುರೇ, "ಇದೇನು ಅಂಗನವಾಡಿನಾ? ಕೈ ಸ್ವಾಧೀನ ಇಲ್ದೋರು ಮನೇಲಿ ಬಿದ್ದಿರ್ಬೇಕು," ಎಂದು ಅವನ ಕೈಯಿಂದ ಚೆಂಡು ಕಿತ್ತುಕೊಂಡ. ಒಬ್ಬರೂ ತುಟಿ ಬಿಚ್ಚಲಿಲ್ಲ. ಶಿವುವೂ ತಲೆ ತಗ್ಗಿಸಿದ.

ಅಂಜನಪ್ಪ ಮತ್ತೆ ಮನೆಯ ಹೊಸ್ತಿಲು ದಾಟಲಿಲ್ಲ. ಯಾರಾದರೂ ಬಂದರೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂರುತ್ತಿದ್ದ. ಹೆಂಡತಿ ಕಲಸಿ ಕೊಟ್ಟ ಅನ್ನವನ್ನೂ ಬಾಗಿಲು ಹಾಕಿದ ಮೇಲೇ ತಿನ್ನುತ್ತಿದ್ದ.

*

"ಆಯ್ತು, ಕ್ಲಬ್ಬಿನ ಹತ್ರ ವ್ಯಾನು ನಿಲ್ಲಿಸೋಣ. ನಾನೂ ಬರ್ತೀನಿ," ಎಂದಳು ಹಾಲಮ್ಮ.

ಕ್ಲಬ್ಬಿನ ಮುಂದೆ ಮೆಂಬರುಗಳು ಹೂ ಹಿಡಿದು ಸಾಲಾಗಿ ನಿಂತಿದ್ದರು. ಗೋಪಾಲಪ್ಪ ಗಂಟಲು ಸರಿಮಾಡಿಕೊಂಡ. "ಅಂಜನಪ್ಪನವರು ಕೊನೇ ತನಕ ನಮ್ಮ ಕ್ಲಬ್ಬಿನ ಜೀವಾಳ..."

ಹಾಲಮ್ಮ ವ್ಯಾನಿನಿಂದ ಇಳಿದು ಸೀದಾ ಒಳಗೆ ನಡೆದಳು.

"ಅಮ್ಮಾ, ಸೂತಕದಲ್ಲಿ ಒಳಗೆ... ಹೆಂಗಸರು ಅಲ್ಲಿ..." ಗೋಪಾಲಪ್ಪ ಹಿಂದೆ ಓಡಿದ. ಉಳಿದವರೂ ಬಾಗಿಲಿಗೆ ಬಂದರು.

ಅವಳು ಪೂಲ್ ಟೇಬಲ್ಲಿನ ಹತ್ತಿರ ನಿಂತು ತಿರುಗಿದಳು. "ಕೊನೇ ತನಕ ಅಂದ್ರಲ್ಲ ಗೋಪಾಲಪ್ಪನೋರೆ? ಇಲ್ಲಿಂದ ಅವರನ್ನ ಹೊರಗೆ ಹಾಕಿದ್ದು ಯಾರು? ನಡುಗೋ ಕೈ ನಿಮಗೆ ಅಸಹ್ಯ ಆಗಿತ್ತು. ಈಗ ನಡುಗಲ್ಲ ಅಂತ ಹಾರ ತಂದ್ರಾ?" ಆಮೇಲೆ ಉಳಿದವರ ಕಡೆ ನೋಡಿದಳು. "ನೀವೆಲ್ಲ ಇಲ್ಲೇ ಇದ್ರಲ್ಲ ಅವತ್ತು?"

ಹಾಲಮ್ಮ ಬಿಳಿ ಚೆಂಡನ್ನು ಎತ್ತಿಕೊಂಡಳು. ಸಿಟ್ಟಿಗೆ ಅವಳ ಕೈಯೂ ನಡುಗುತ್ತಿತ್ತು. ಬಗ್ಗಿ ಜೋರಾಗಿ ಉರುಳಿಸಿದಳು. ಚೆಂಡು ಯಾವುದಕ್ಕೂ ತಾಗದೆ ಅಂಚಿಗೆ ಬಡಿದು ಹಿಂದಕ್ಕೆ ಬಂತು.

"ಟೇಬಲ್ ಮುಟ್ಬೇಡಿ!" ಎಂದ ಗೋಪಾಲಪ್ಪ.

ಬಾಗಿಲಲ್ಲಿದ್ದ ಶಿವು ಅವನನ್ನು ಸರಿಸಿಕೊಂಡು ಒಳಬಂದ. ಕೈಯಲ್ಲಿದ್ದ ಹೂವನ್ನು ಕಿಟಕಿಯ ಮೇಲಿಟ್ಟ. ಅವನ ಕಣ್ಣು ತುಂಬಿತ್ತು.

"ಈಗ ನನ್ನಾಟ, ಅತ್ಗೆ," ಎಂದು ಚೆಂಡು ತೆಗೆದುಕೊಂಡ.

ಅವನ ಹಿಂದೆ ಇನ್ನೊಬ್ಬ ತನ್ನ ಸರದಿಗೆಂದು ಅಂಗಿಯ ತೋಳು ಮಡಚಿದ. ಹೊರಗೆ, ಹೊತ್ತಾಯ್ತು ಎಂದು ಹಾರನ್ ಒತ್ತುತ್ತಿದ್ದ ವ್ಯಾನಿನ ಡ್ರೈವರ್ ಇಳಿದು ಕಿಟಕಿಯಲ್ಲಿ ಇಣುಕಿದ. ಸ್ವಲ್ಪ ಹೊತ್ತು ನೋಡಿ, ವಾಪಸು ಹೋಗಿ ಎಂಜಿನ್ ಆರಿಸಿದ.