ಒಂದು ಚಿಟಿಕೆ ಹಿಟ್ಟಿನ ಕಿತಾಪತಿ

ಹನ್ನೊಂದನೇ ನಂಬರ್ ಬಸ್ಸಿನ ಡ್ರೈವರ್‌ಗೆ ಒಂದು ಕಾಯಿಲೆ ಇತ್ತು. ಡಾಕ್ಟರು ಅದಕ್ಕೆ ಹೆಸರಿಡುವ ಮೊದಲೇ ಬಸ್ಸಿನವರಿಗೆಲ್ಲ ಅದರ ಪರಿಚಯವಾಗಿತ್ತು. ಪೆಟ್ರೋಲ್ ಬಂಕ್ ಕಂಡ ಕೂಡಲೇ ಬಸ್ಸು ಪಕ್ಕಕ್ಕೆ ಸರಿದು ನಿಲ್ಲುವುದು, ಡ್ರೈವರ್ ಹೊಟ್ಟೆ ಹಿಡಿದುಕೊಂಡು ಬಂಕಿನ ಹಿಂಬಾಗಿಲಿಗೆ ಓಡುವುದು. "ಬಂತು ನೋಡಿ ಅವಸರ" ಎನ್ನುವರು ಮುಂದಿನ ಸೀಟಿನವರು. ಹಿಂದಿನವರು ಪೇಪರು ಬಿಡಿಸುವರು. ಕಿಟಕಿಯ ಪಕ್ಕದ ಒಬ್ಬ ಅಜ್ಜಿ ಸ್ವೆಟರ್ ಹೆಣೆಯಲು ಕೂರುವರು. ಆ ವರ್ಷ ಅವರ ಮೊಮ್ಮಕ್ಕಳಿಗೆಲ್ಲ ಎರಡೆರಡು ಸ್ವೆಟರ್ ಆಯಿತಂತೆ.

ಡಿಪೋದವರು ಮಾತ್ರ ನಗಲಿಲ್ಲ. ಡ್ರೈವರ್ ಬಡಕಲಾಗಿದ್ದ, ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತಿತ್ತು. ಡಿಪೋದ ಡಾಕ್ಟರು ರಕ್ತ ತೆಗೆಸಿದರು, ಆಮೇಲೆ ಬಾಯಿಂದ ಸಣ್ಣ ಕೊಳವೆ ಇಳಿಸಿ ಕರುಳನ್ನೂ ಪರೀಕ್ಷೆ ಮಾಡಿಸಿದರು. ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲೂಟನ್ ಎಂಬ ಅಂಟು ಇರುತ್ತದೆ. ಅದು ಈ ಕರುಳಿಗೆ ಆಗಿಬರುವುದಿಲ್ಲ. "ಮೂರು ತಿಂಗಳು ಸ್ಟೀರಿಂಗ್ ಮುಟ್ಟಬೇಡಿ. ಆಮೇಲೆ ಮತ್ತೆ ನೋಡೋಣ. ಸರಿಹೋದರೆ ಬಸ್ಸು. ಇಲ್ಲದಿದ್ದರೆ ಬೇರೆ ಕೆಲಸ," ಎಂದರು ಡಾಕ್ಟರು.

ಬೇರೆ ಕೆಲಸ ಎಂದರೆ ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆ. ಅಲ್ಲಿ ಇನ್ನೂರು ಕೊಡೆ, ಒಂದು ಪಿಟೀಲು, ಯಾರದೋ ಹಲ್ಲಿನ ಸೆಟ್ಟು. ಇಪ್ಪತ್ತು ವರ್ಷ ಊರನ್ನೇ ಸುತ್ತಿಸಿದ ಮನುಷ್ಯ ಆ ಮೂರು ತಿಂಗಳ ಮಟ್ಟಿಗೆ ಈಗಲೇ ಅವುಗಳ ನಡುವೆ ಕೂತು ದಿನಕ್ಕೆ ನಾಲ್ಕು ಸಲ ಕೊಡೆಗಳನ್ನು ಎಣಿಸತೊಡಗಿದ.

ಇದನ್ನೆಲ್ಲ ಕೇಳಿ ಅವನ ಅಕ್ಕನ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ಅಕ್ಕ ಅಂದರೆ ಸಾಮಾನ್ಯದವಳಲ್ಲ. ಬೇಕರಿಯ ಒಲೆಯ ಬಾಯಲ್ಲಿ ಮೂವತ್ತು ವರ್ಷ ನಿಂತವಳು. ತಾಯಿ ತೀರಿಕೊಂಡಾಗ ತಮ್ಮನಿಗೆ ನಾಲ್ಕು ವರ್ಷ. ಅವತ್ತಿನಿಂದ ಅವನನ್ನು ಬನ್ನು, ಬ್ರೆಡ್ಡು, ರಸ್ಕು ತಿನ್ನಿಸಿಯೇ ಬೆಳೆಸಿದ್ದಳು. ಈಗಲೂ ಅವನು ಅಕ್ಕನ ಮನೆಯಲ್ಲೇ, ಮೂರನೇ ಮಹಡಿಯಲ್ಲಿ ಇದ್ದ.

ಕೆಳಗಿನ ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬರುತ್ತಿದ್ದಾಗ ಅಕ್ಕ ಮೆಟ್ಟಿಲಲ್ಲೇ ಅಡ್ಡಗಟ್ಟಿದಳು.

"ನರ್ಸಮ್ಮಾ, ನಿಮ್ಮ ಡಾಕ್ಟರುಗಳಿಗೆ ಬುದ್ಧಿ ನೆಟ್ಟಗಿದ್ಯಾ? ಗೋಧಿ ಹಾಕಿ ಸಾಕಿದೀನಿ ನಾನವನನ್ನ. ಈಗ ವಿಷ ಹಾಕಿ ಸಾಕಿದೆ ಅಂತಾರಲ್ಲ!"

"ಅಯ್ಯೋ ಅಕ್ಕಾ, ವಿಷ ಅಂತ ಯಾರಂದ್ರು? ನಿಮಗೆ ನನಗೆ ಅದು ಬರೀ ಗೋಧಿ. ನಿಮ್ಮ ತಮ್ಮನ ಮೈಗೆ ಮಾತ್ರ ಅದು ಮನೆಗೆ ನುಗ್ಗಿದ ಕಳ್ಳನ ಥರ ಕಾಣುತ್ತೆ. ಮೈ ದೊಣ್ಣೆ ತಗೊಂಡು ಹೊಡೆಯೋಕೆ ಹೋಗುತ್ತೆ, ಏಟು ಬೀಳೋದು ಸ್ವಂತ ಕರುಳಿಗೆ. ಗಾಯ ಆದ ಕರುಳು ಊಟದ ಸಾರ ಹೀರಲ್ಲ. ಅದಕ್ಕೇ ರಕ್ತ ಇಲ್ಲ, ಶಕ್ತಿ ಇಲ್ಲ."

"ಹಂಗಾದ್ರೆ ಒಂದು ಮಾತ್ರೆ ಬರ್ಕೊಡಿ."

"ಮಾತ್ರೆ ಇಲ್ಲ ಅಕ್ಕಾ, ಪಥ್ಯವೇ ಔಷಧಿ. ಜೀವಮಾನ ಪೂರ್ತಿ."

"ಬ್ರೆಡ್ಡಿನ ಅಂಚು ಒಂಚೂರು?"

"ಇಲ್ಲ."

"ಬಿಸ್ಕತ್ತಿನ ಪುಡಿ?"

"ಪುಡಿನೂ ಇಲ್ಲ."

"ವಾಸನೆ?"

"ಬೇಕರಿ ಮುಂದೆ ಹೋಗುವಾಗ ಮೂಗು ಮುಚ್ಚಬೇಕಾಗಿಲ್ಲ ಬಿಡಿ," ಎಂದು ನರ್ಸಮ್ಮ ನಕ್ಕರು. "ಇದು ಒಡಹುಟ್ಟಿದವರಿಗೂ ಇರಬಹುದು ಅಕ್ಕಾ. ನೀವೂ ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ."

"ನನ್ನ ಹೊಟ್ಟೆ ಕಲ್ಲು ಹಾಕಿದ್ರೂ ಅರಗಿಸುತ್ತೆ!" ಎಂದು ಅಕ್ಕ ಸೆರಗು ಸಿಕ್ಕಿಸಿ ಮೇಲೆ ಹೋದಳು. ಹೋದವಳು ಬ್ರೆಡ್ಡಿನ ಡಬ್ಬಿಯನ್ನು ತಮ್ಮನ ಕಣ್ಣಿಗೆ ಬೀಳದಂತೆ ಅಟ್ಟದ ಮೇಲಿಟ್ಟಳು. ನಂಬಿಕೆ ಇರಲಿಲ್ಲ, ಆದರೆ ಬಸ್ಸಿನ ಪ್ರಶ್ನೆ ಇತ್ತು.

ಆ ವಾರವೇ ತಮ್ಮನ ಹುಟ್ಟುಹಬ್ಬ. ಅಕ್ಕ, ತಮ್ಮ, ಅಕ್ಕನ ಗಂಡ ಮೂವರೂ ಮೂಲೆಯ ಹೋಟೆಲಿಗೆ ಹೋದರು. ಅಕ್ಕನ ಗಂಡ ವಾಚು ರಿಪೇರಿ ಮಾಡುವವರು, ಮಾತು ಕಮ್ಮಿ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು ಕೂತು ಅವರ ಇನ್ನೊಂದು ಕಣ್ಣಿಗೆ ಪ್ರಪಂಚ ಮಸುಕಾಗಿತ್ತು.

ಹೋಟೆಲಿನಲ್ಲಿ ಏನೇನು ಕೇಳಬೇಕೆಂದು ನರ್ಸಮ್ಮ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ತಮ್ಮ ಅದನ್ನು ಜೇಬಿನಿಂದ ಅರ್ಧ ತೆಗೆದು ಮತ್ತೆ ಒಳಗೆ ತಳ್ಳಿದ.

"ಕೇಳೋ," ಎಂದಳು ಅಕ್ಕ.

"ಬೇಡ ಕಣೇ. ಜನ ನೋಡ್ತಾರೆ. ಕೋಳಿ ಸೂಪು ಹೇಳೋಣ, ಸುಟ್ಟ ಮೀನು ಹೇಳೋಣ, ಆಲೂಗಡ್ಡೆ ಹೇಳೋಣ. ಅದ್ರಲ್ಲೆಲ್ಲಿ ಗೋಧಿ ಬರುತ್ತೆ?"

"ಅದನ್ನೇ ನಾನೂ ಹೇಳೋದು! ಸೂಪಲ್ಲಿ ಗೋಧಿ ಎಲ್ಲಿಂದ ಬಂತು? ಕೋಳಿ ತಿಂದಿದ್ರೆ ತಿಂದಿರಬೇಕು. ತಾಳು, ಕೇಳ್ಕೊಂಡು ಬಂದು ಆ ನರ್ಸಮ್ಮನ ಬಾಯಿ ಮುಚ್ಚಿಸ್ತೀನಿ."

ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡಿದ್ದ ಸರ್ವರ್ "ಎಲ್ಲಾ ಫ್ರೆಶ್ ಮೇಡಂ" ಎಂದ. ಅಕ್ಕ ಚೀಟಿ ಕಿತ್ತುಕೊಂಡು ನೇರ ಅಡುಗೆಮನೆಯ ಬಾಗಿಲಿಗೇ ಹೋದಳು. ಒಲೆಯವಳಿಗೆ ಒಲೆಯವನ ಹತ್ತಿರ ಎಂಥ ಸಂಕೋಚ?

"ಅಣ್ಣಾ, ನಿಮ್ಮ ಸೂಪು ಅಷ್ಟು ಗಟ್ಟಿ ಹೇಗೆ ಬರುತ್ತೆ?"

ಅಡುಗೆಯವನಿಗೆ ಹೊಗಳಿಕೆಯೆನಿಸಿ ಮುಖ ಅರಳಿತು. "ಕೊನೇಲಿ ಒಂದು ಸೌಟು ಮೈದಾ ಕಲಸಿ ಹಾಕ್ತೀವಮ್ಮ!"

ಮೈದಾ ಅಂದರೆ ಗೋಧಿಯೇ. ಅಕ್ಕ ಚೀಟಿಯ ಮುಂದಿನ ಸಾಲಿಗೆ ಬೆರಳಿಟ್ಟಳು. "ಆಲೂಗಡ್ಡೆ?"

"ಆ ಬಾಣಲೇಲಿ. ಬ್ರೆಡ್ ಪುಡಿ ಹಚ್ಚಿದ ಮೀನು ಕರಿದ ಎಣ್ಣೆ ಇದ್ಯಲ್ಲ, ಅದ್ರಲ್ಲೇ."

"ಸುಟ್ಟ ಮೀನಿಗೆ?"

"ಸೋಯಾ ಸಾಸು."

ಅಕ್ಕ ಚೀಟಿ ನೋಡಿದಳು. ಸೋಯಾ ಸಾಸಿನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ ಎಂದು ನರ್ಸಮ್ಮ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಕಥೆಗಳಲ್ಲಿ ರಾಕ್ಷಸ ತನ್ನ ಜೀವವನ್ನು ಏಳು ಸಮುದ್ರದಾಚೆ ಗಿಳಿಯೊಳಗೆ ಬಚ್ಚಿಡುತ್ತಾನೆ. ಈ ರಾಕ್ಷಸನಿಗೆ ಅಷ್ಟು ದೂರ ಹೋಗುವ ವ್ಯವಧಾನವಿಲ್ಲ. ಸೂಪಿನಲ್ಲೇ ಮುಳುಗಿ ಕೂತು ಕಣ್ಣು ಮಿಟುಕಿಸುತ್ತಿದ್ದಾನೆ.

ವಿಷಯ ತಿಳಿದ ಅಡುಗೆಯವನು ಪುಣ್ಯಾತ್ಮ. "ಮೊದಲೇ ಹೇಳಿದ್ರೆ ಆಯ್ತಲ್ಲಮ್ಮ" ಎಂದವನೇ ಕೈ ತೊಳೆದು, ತೊಳೆದ ಬಾಣಲೆ ಇಟ್ಟು, ಹೊಸ ಎಣ್ಣೆಯಲ್ಲಿ ಉಪ್ಪು, ಮೆಣಸು, ನಿಂಬೆರಸ ಹಾಕಿ ಮೀನು ಮಾಡಿ, ಬಿಸಿ ಅನ್ನದ ಜೊತೆ ಕೊಟ್ಟ. ತಮ್ಮ ತಟ್ಟೆ ನೆಕ್ಕುವುದೊಂದು ಬಾಕಿ. ಕೊನೆಯಲ್ಲಿ ಸಿಹಿಯ ಪಟ್ಟಿ ಬಂತು: ಕೇಕು, ಕೇಕು, ಇನ್ನೊಂದು ಕೇಕು. ತಮ್ಮ ಪಟ್ಟಿಯನ್ನು ಮಡಿಸಿ ಇಟ್ಟು ನೀರು ಕುಡಿದ.

ಅಕ್ಕ ಆ ಖಾಲಿ ಲೋಟವನ್ನೇ ನೋಡುತ್ತಾ ಕೂತಳು. ಮೂವತ್ತು ವರ್ಷ ಊರಿಗೆಲ್ಲ ಕೇಕು ಮಾಡಿದವಳ ತಮ್ಮ ಹುಟ್ಟುಹಬ್ಬಕ್ಕೆ ನೀರು ಕುಡಿಯುವುದೇ?

ಮಾರನೆಯ ದಿನವೇ ಶುರುವಾಯಿತು. ಅಕ್ಕಿ ಹಿಟ್ಟಿನ ಮೊದಲ ಕೇಕು ಯಾರೋ ಮೇಲೆ ಕೂತೆದ್ದ ಟೋಪಿಯಂತೆ ಬಂತು. ಎರಡನೆಯದನ್ನು ಕತ್ತರಿಸಲು ಹೋದರೆ ಮರಳಿನ ಮನೆಯಂತೆ ಉದುರಿತು. "ಹಿಟ್ಟಲ್ಲಿ ಅಂಟಿಲ್ಲ, ಹಿಡ್ಕೊಳ್ಳೋರು ಯಾರು?" ಎಂದು ಅಕ್ಕ ತಲೆ ಓಡಿಸಿದಳು. ಮೊಟ್ಟೆಯನ್ನು ನೊರೆ ಬರುವವರೆಗೆ ಕಡೆದಳು, ಅಕ್ಕಿ ಹಿಟ್ಟಿಗೆ ಬಾದಾಮಿ ಪುಡಿ ಬೆರೆಸಿದಳು, ಕಲಸಿದ್ದನ್ನು ಅರ್ಧ ಗಂಟೆ ನೆನೆಯಲು ಬಿಟ್ಟಳು. ಕಾಗದದ ಕಪ್ಪುಗಳಲ್ಲಿ ಬೇಯಿಸಿದಾಗ ಕೊನೆಗೂ ಉಬ್ಬಿ ನಿಂತಿತು. ರುಚಿ ಮಾತ್ರ ಸಪ್ಪೆ.

"ಸಪ್ಪೆನಾ? ಬಾಯಿಗೆ ಬೆಂಕಿ ಬಿದ್ರೆ ಸಪ್ಪೆ ಅಂತ ಯಾವನು ಅಂತಾನೆ ನೋಡೋಣ!" ಎಂದು ಕೋಕೋ ಜೊತೆಗೆ ಒಣಶುಂಠಿ, ಕಾಳುಮೆಣಸು, ದಾಲ್ಚಿನ್ನಿ, ಮೇಲಿಂದ ಕೆಂಪು ಮೆಣಸಿನ ಪುಡಿ. ಎಲ್ಲವನ್ನೂ ಮನೆಯಲ್ಲೇ ಕುಟ್ಟಿದ್ದು. ಅಂಗಡಿಯ ಪುಡಿಯಲ್ಲಿ ಏನು ಬೆರೆತಿದೆಯೋ ಯಾರಿಗೆ ಗೊತ್ತು ಎಂದು ಈಗ ಅವಳೇ ಹೇಳುತ್ತಿದ್ದಳು.

ಮೊದಲ ತುಂಡು ಗಂಡನ ಬಾಯಿಗೆ. ಅವರ ಎರಡೂ ಕಣ್ಣಲ್ಲಿ ನೀರು ಇಳಿಯಿತು.

"ರೀ, ಅಳೋ ಅಷ್ಟು ಚೆನ್ನಾಗಿದ್ಯಾ?"

ಅವರು ಕೈಸನ್ನೆಯಲ್ಲಿ ನೀರು ಕೇಳಿದರು. ತಮ್ಮ ಮಾತ್ರ ಹಣೆ ಒರೆಸಿಕೊಳ್ಳುತ್ತಾ ಮೂರು ತಿಂದ. "ಮೊದಲು ಸಿಹಿ, ಆಮೇಲೆ ಖಾರ, ಆಮೇಲೆ ಏನೂ ಗೊತ್ತಾಗಲ್ಲ. ಇನ್ನೊಂದು ಕೊಡೇ."

ಆರು ವಾರದಲ್ಲಿ ತಮ್ಮನ ಕೆನ್ನೆ ತುಂಬಿತು. ಮೆಟ್ಟಿಲನ್ನು ಸಿಳ್ಳೆ ಹಾಕುತ್ತಾ ಹತ್ತಿದ. ಹುರುಪಿಗೆ ಬಿದ್ದ ಅಕ್ಕ ಸಣ್ಣ ಕಾಗದದ ಕಪ್ಪು ಬಿಟ್ಟು, ಬೇಕರಿಯ ದಿನಗಳ ತನ್ನ ದೊಡ್ಡ ಕೇಕಿನ ಡಬ್ಬಿ ಇಳಿಸಿ, ದೊಡ್ಡ ಕೇಕು ಮಾಡಿದಳು. ವಾರಕ್ಕೆ ಎರಡು.

ತಮ್ಮ ಮತ್ತೆ ಹಾಸಿಗೆ ಹಿಡಿದ. ಹೊಟ್ಟೆ ತಮಟೆಯಂತೆ ಬಿಗಿಯಿತು, ಕೆನ್ನೆ ಮತ್ತೆ ಇಳಿಯಿತು. ಡಿಪೋದ ಪರೀಕ್ಷೆಗೆ ಉಳಿದದ್ದು ಐದು ವಾರ.

"ಕೊಡೆಗಳಿಗೆ ನಾನಂದ್ರೆ ಇಷ್ಟ ಆಗಿಬಿಟ್ಟಿದೆ ಅಕ್ಕಾ," ಎಂದ ತಮ್ಮ ಗೋಡೆಯ ಕಡೆ ತಿರುಗಿ. "ಬಿಟ್ಟುಕೊಡಲ್ವೇನೋ."

ಅಕ್ಕ ಧಡಧಡ ಕೆಳಗಿಳಿದು ನರ್ಸಮ್ಮನ ಬಾಗಿಲು ಬಡಿದಳು. "ನೋಡಿದ್ರಾ! ಗೋಧಿ ಬಿಟ್ಟಾಯ್ತು, ಗೋಧಿಯ ನೆರಳೂ ಬಿಟ್ಟಾಯ್ತು. ಆದ್ರೂ ಬಂತು! ನಿಮ್ಮ ಕಾಯಿಲೆನೇ ಸುಳ್ಳು!"

ನರ್ಸಮ್ಮ ಚಪ್ಪಲಿ ಮೆಟ್ಟಿಕೊಂಡರು. "ನಡೀರಿ. ಕೇಕು ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ. ನಾನು ತುಟಿ ಬಿಚ್ಚಲ್ಲ."

ಅಡುಗೆಮನೆ ಕೋರ್ಟಾಯಿತು. ಅಕ್ಕ ಒಂದೊಂದನ್ನೂ ಎತ್ತಿ ತೋರಿಸಿದಳು. "ಅಕ್ಕಿ ಹಿಟ್ಟು, ನಾನೇ ಬೀಸಿದ್ದು. ಬಾದಾಮಿ, ನಾನೇ ಪುಡಿ ಮಾಡಿದ್ದು. ಮೊಟ್ಟೆ, ಕೋಳಿ ಮಾಡಿದ್ದು. ಇದ್ರಲ್ಲಿ ಎಲ್ಲಾದ್ರೂ ಗೋಧಿ ಇದ್ಯೇನ್ರೀ?" ಬಾಯಿ ವಾದ ಮಾಡುತ್ತಿತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಡಬ್ಬಿಗೆ ಬೆಣ್ಣೆ ಸವರಿತು. ಪಕ್ಕದ ಗಾಜಿನ ಭರಣಿಯಿಂದ ಒಂದು ಚಿಟಿಕೆ ತೆಗೆದು ಉದುರಿಸಿತು. ಡಬ್ಬಿಯನ್ನು ಓರೆ ಮಾಡಿ, ಅಂಗೈಯಿಂದ ತಟ್ಟಿ ತಟ್ಟಿ, ಸುತ್ತ ಹರಡಿತು.

"ಲೇ," ಎಂದರು ಅಕ್ಕನ ಗಂಡ. ಭೂತಗನ್ನಡಿ ಅವರ ಕಣ್ಣಲ್ಲೇ ಇತ್ತು. "ಆ ಡಬ್ಬಿ ಇಲ್ಲಿ ಕೊಡು." ಬಗ್ಗಿ ನೋಡಿದರು. "ಮೂಲೆ ಮೂಲೇಲಿ ಬೆಳ್ಳಗಿದೆ. ಏನಿದು?"

"ಮೈದಾ ಕಣ್ರೀ. ಕೇಕು ತಳ ಹಿಡೀಬಾರ್ದಲ್ಲ, ಅದಕ್ಕೆ. ಅದು ಡಬ್ಬಿಗೆ ಹಾಕೋದು, ಕೇಕಿಗಲ್ಲ. ಡಬ್ಬಿಗೆ ಹಾಕಿದ್ದನ್ನ ಯಾರಾದ್ರೂ..."

ನರ್ಸಮ್ಮ ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ.

ಅಕ್ಕ ಸ್ಟೂಲಿನ ಮೇಲೆ ಕುಸಿದು ತನ್ನ ಬಲಗೈಯನ್ನೇ ನೋಡಿದಳು. ಅದು ಯಾವಾಗ ಭರಣಿಗೆ ಹೋಯಿತು, ಯಾವಾಗ ಬಂತು, ಅವಳಿಗೇ ನೆನಪಿರಲಿಲ್ಲ. "ನಾನೇ," ಎಂದಳು. "ಬೇರೆ ಯಾರೂ ಅಲ್ಲ. ನನ್ನ ಕೈಯಾರೆ."

ಬಾಗಿಲಿಗೊರಗಿ ನಿಂತಿದ್ದ ತಮ್ಮ ಬಂದು ಅವಳ ಪಕ್ಕ ನೆಲದ ಮೇಲೆ ಕೂತ. "ಕೈದೇನು ತಪ್ಪೇ? ನಾನೂ ಬಸ್ಸು ಬಿಟ್ಟು ಎರಡು ತಿಂಗಳಾಗ್ತಾ ಬಂತು, ನಿದ್ದೇಲಿ ಇನ್ನೂ ಬ್ರೇಕ್ ಒತ್ತುತ್ತೀನಿ. ಮಂಚದ ಕಾಲು ಮುರಿದದ್ದು ಮತ್ತೆ ಯಾಕಂದ್ಕೊಂಡೆ?"

ಅಕ್ಕ ಅಳುತ್ತಲೇ ನಕ್ಕಳು. ಆಗ ನರ್ಸಮ್ಮ ಬಾಯಿ ತೆರೆದರು. "ಅಕ್ಕಾ, ಎಲ್ಲರ ಮನೇಲೂ ಹೀಗೇ ಆಗೋದು. ಕಲಸೋದನ್ನ ನೋಡ್ತೀವಿ, ಉದುರಿಸೋದನ್ನ ನೋಡಲ್ಲ. ಬ್ರೆಡ್ ಸುಡೋ ಟೋಸ್ಟರು, ಮೈದಾ ಜರಡಿ, ಬಿರುಕು ಬಿಟ್ಟ ಮರದ ಸೌಟು, ಎಲ್ಲಾನೂ ಅಷ್ಟೇ. ಇವರಿಗೆ ಬೇರೆ ಇಡಿ."

"ಬೇರೆ ಗೀರೆ ಬೇಡ," ಎಂದು ಅಕ್ಕ ಎದ್ದಳು. ಮೈದಾ ಭರಣಿ, ಬ್ರೆಡ್ಡು, ಟೋಸ್ಟರು, ಜರಡಿ ಎಲ್ಲವೂ ಆ ಸಂಜೆಯೇ ಕೆಳಗಿಳಿದು ನರ್ಸಮ್ಮನ ಮನೆ ಸೇರಿದವು. ಕಪಾಟು ತೊಳೆದರು. ಹೊಸ ಡಬ್ಬಿ ಬಂತು. ತಳಕ್ಕೆ ಬೆಣ್ಣೆ ಕಾಗದ. ಮಾರನೆಯ ವಾರ ಅಕ್ಕ ಯಾರಿಗೂ ಹೇಳದೆ ಹೋಗಿ ತನ್ನ ರಕ್ತ ಪರೀಕ್ಷೆಯನ್ನೂ ಮಾಡಿಸಿದಳು. ಏನೂ ಇರಲಿಲ್ಲ.

ಐದು ವಾರ ಕಳೆದು ಅಕ್ಕ-ತಮ್ಮ ಡಿಪೋಗೆ ಹೋದರು. ಡಾಕ್ಟರು ಕಾಗದ ನೋಡಿದರು, ತಮ್ಮನ ಕಣ್ಣು ನೋಡಿದರು, ಮತ್ತೆ ಕಾಗದ ನೋಡಿದರು.

"ರಕ್ತ ಏರಿದೆ. ತೂಕ ನಾಲ್ಕು ಕೆಜಿ ಜಾಸ್ತಿ. ಕರುಳು ಪೂರ್ತಿ ಮಾಯೋಕೆ ಇನ್ನೂ ಸಮಯ ಬೇಕು, ಪಥ್ಯ ಬಿಡೋ ಹಾಗಿಲ್ಲ. ಸೋಮವಾರದಿಂದ ಬಸ್ಸು ಹತ್ತಿ."

ಹೊರಗಿನ ಕೋಣೆಯಲ್ಲಿ ಹತ್ತು ಜನ ಡ್ರೈವರುಗಳು ಚಪ್ಪಾಳೆ ತಟ್ಟಿದರು. ಗುಮಾಸ್ತೆಯಮ್ಮ ಖುಷಿಗೆ ಬಿಸ್ಕತ್ತಿನ ತಟ್ಟೆ ಹಿಡಿದು ಬಂದರು. "ತಗೊಳ್ಳಿ ಸಾರ್, ಇವತ್ತು ಬೇಡ ಅನ್ಬಾರದು."

ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮನ ದನಿ ಕೇಳಿಸಿತು, ಕೋಣೆಗೆಲ್ಲ ಕೇಳುವಷ್ಟು ಜೋರಾಗಿ.

"ಇದ್ರಲ್ಲಿ ಏನೇನು ಹಾಕಿದಾರೆ ಮೇಡಂ? ನನಗೆ ಗೋಧಿ, ಮೈದಾ ಆಗಲ್ಲ. ಚೂರೂ ಆಗಲ್ಲ."

ಹತ್ತು ಜನ ತಿರುಗಿ ನೋಡಿದರು. ಗುಮಾಸ್ತೆಯಮ್ಮ ಪೊಟ್ಟಣ ತಿರುಗಿಸಿ ಓದಿ, "ಅಯ್ಯೋ, ಮೊದಲನೇದೇ ಮೈದಾ!" ಎಂದು ತಟ್ಟೆ ಹಿಂದಕ್ಕೆಳೆದುಕೊಂಡರು. "ಕೇಳಿದ್ದು ಒಳ್ಳೇದಾಯ್ತು. ನಿಮಗೆ ಬಾಳೆಹಣ್ಣು ತರ್ತೀನಿ, ಇರಿ."

ಅಕ್ಕ ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿದಳು.

ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಹೊಟ್ಟೆಯ ತೊಂದರೆ ತಿಂಗಳುಗಟ್ಟಲೆ ಬಿಡದೆ ಕಾಡುತ್ತಿದೆಯೇ? ರಕ್ತ ಕಡಿಮೆಯೇ, ಸುಮ್ಮಸುಮ್ಮನೆ ಸುಸ್ತೇ? ನಾಚಿಕೆ ಬಿಟ್ಟು ಡಾಕ್ಟರ ಬಳಿ ಹೋಗಿ. ಒಂದು ಮಾತು ನೆನಪಿಡಿ: ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ, ಬಿಟ್ಟರೆ ಕಾಯಿಲೆ ಪರೀಕ್ಷೆಯ ಕಣ್ಣು ತಪ್ಪಿಸಿಕೊಳ್ಳಬಹುದು. ಕಾಯಿಲೆ ಇಲ್ಲದವರು ಗೋಧಿಗೆ ಹೆದರಬೇಕಾಗಿಲ್ಲ, ಹೊಟ್ಟೆ ತುಂಬ ಉಣ್ಣಿ. ಕಾಯಿಲೆ ಇದೆಯೆಂದು ಗೊತ್ತಾದವರು ಹೋಟೆಲಿನಲ್ಲಿ ಬಾಯಿಬಿಟ್ಟು ಕೇಳಿ: ಗಟ್ಟಿಯಾಗಲು ಏನು ಹಾಕಿದ್ದೀರಿ, ಯಾವ ಎಣ್ಣೆಯಲ್ಲಿ ಕರಿದಿರಿ, ಬಾಣಲೆ ತೊಳೆದಿದ್ದೀರಾ ಎಂದು. ಕೇಳಿದರೆ ಬೇಸರಪಡುವವರಿಗಿಂತ ಕೈ ತೊಳೆದು ಬಡಿಸುವವರೇ ಜಾಸ್ತಿ. ಇನ್ನು ಅಂಥವರಿಗಾಗಿ ಮನೆಯಲ್ಲಿ ಒಲೆ ಹಚ್ಚುವವರು ನೀವಾದರೆ, ಇವತ್ತು ಒಂದೇ ಒಂದು ಕೆಲಸ ಮಾಡಿ. ಅಡುಗೆ ಮಾಡುವಾಗ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ, ನಿಮ್ಮ ಕೈ ಏನು ಮಾಡುತ್ತದೆ ಎಂದು ನೋಡಲು ಹೇಳಿ.