ಅಲುಗದ ಕೈ

ಮಗುವಿನ ಮೈ ಸವರಬೇಡಿ ಎಂದು ನರ್ಸ್ ಮಾರ್ಲಾ ಮೊದಲೇ ಹೇಳಿದ್ದಳು. ಆದರೂ ತಾಯಿ ಟೆಸ್ಸಾಳ ಬೆರಳು ತಾನಾಗಿ ಆ ಪುಟ್ಟ ಕಾಲಿನತ್ತ ಹೋಯಿತು. ಸವರಿದ್ದು ಒಂದೇ ಸಲ. ಪರದೆಯ ಮೇಲಿನ ಆಮ್ಲಜನಕದ ಅಂಕಿ ಸರ್ರನೆ ಇಳಿಯಿತು, ಯಂತ್ರ ಕೂಗಿಕೊಂಡಿತು. ಟೆಸ್ಸಾ ಬಿಸಿ ಬಾಣಲೆ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

ಹುಟ್ಟಿದ ಕೂಡಲೇ ಸಡಿಲವಾಗಬೇಕಿದ್ದ ಶ್ವಾಸಕೋಶದ ರಕ್ತನಾಳಗಳು ಈ ಹುಡುಗನಲ್ಲಿ ಬಿಗಿದುಕೊಂಡೇ ಇದ್ದವು. ಕೊಳವೆಯಲ್ಲಿ ಒಂದು ಅನಿಲ ಬಿಟ್ಟು ಅವನ್ನು ಸಡಿಲಿಸುತ್ತಿದ್ದರು. ಇಂಥ ಕೂಸುಗಳಿಗೆ ಬೆಳಕು, ಸದ್ದು, ಮುದ್ದು ಯಾವುದೂ ಆಗಿಬರುವುದಿಲ್ಲ.

ಖಿನ್ನತೆಗೆಂದು ಬಸಿರಿನ ಉದ್ದಕ್ಕೂ ಗುಳಿಗೆ ನುಂಗಿದ್ದನ್ನು ಟೆಸ್ಸಾ ಡಾಕ್ಟರಿಗೆ ಮುಚ್ಚಿಟ್ಟಿರಲಿಲ್ಲ.

"ಸಾವಿರ ಹೆರಿಗೇಲಿ ಎರಡು ಕೂಸಿಗೆ ಹೀಗಾಗುತ್ತೆ. ಆ ಗುಳಿಗೆ ತಗೊಂಡವರಲ್ಲಿ ಮೂರಾಗಬಹುದು. ನಿಮ್ಮದು ಆ ಎರಡರಲ್ಲಿ ಒಂದೋ, ಮೂರನೇದೋ, ಯಾರಿಗೂ ಹೇಳೋಕಾಗಲ್ಲ. ನೀವು ಮಾತ್ರ ಗುಳಿಗೆ ನಿಲ್ಲಿಸಬೇಡಿ," ಎಂದಿದ್ದರು ಅವರು.

ಟೆಸ್ಸಾಳ ತಲೆಯಲ್ಲಿ ಉಳಿದದ್ದು ಮೂರನೆಯದು ಮಾತ್ರ. ಅವತ್ತೇ ಗುಳಿಗೆ ಬಿಟ್ಟಳು, ಗಂಡನಿಗೂ ಹೇಳಲಿಲ್ಲ. ಮಿಷಿಗನ್ನಿನ ಉತ್ತರದಂಚಿನಲ್ಲಿ, ಅವಳ ಗಂಡನದಂಥ ಫಿನ್ನಿಶ್ ಮನೆಗಳಲ್ಲಿ ಹಲ್ಲು ಕಚ್ಚಿ ಸಹಿಸುವುದಕ್ಕೆ 'ಸಿಸು' ಎಂದು ಹೆಸರಿಟ್ಟು ಮೆರೆಸುತ್ತಾರೆ. ಹೆಸರಿಟ್ಟು ಮೆರೆಸಿದ ಮೇಲೆ ಅಳುವ ಧೈರ್ಯ ಯಾರಿಗಿರುತ್ತದೆ?

ಅತ್ತೆ ಎಲ್ವಿ ಮಧ್ಯಾಹ್ನ ಮಾಂಸ, ಆಲೂಗೆಡ್ಡೆ ತುಂಬಿದ ಪಾಸ್ಟಿ ಕಟ್ಟಿಕೊಂಡು ಬಂದರು. "ನಮ್ಮ ಕಾಲದಲ್ಲಿ ಗುಳಿಗೆ ಎಲ್ಲಿತ್ತು? ಸೌನಾದ ಬಿಸಿ ಹಬೇಲಿ ಕೂತು ಬೆವರಿದ್ರೆ ಬೇಜಾರೆಲ್ಲ ಇಳಿದುಹೋಗ್ತಿತ್ತು," ಎಂದು ಸೊಸೆ ಬಸುರಿಯಾಗಿದ್ದಾಗ ಸಿಕ್ಕಾಗಲೆಲ್ಲ ಚುಚ್ಚಿದವರು ಅವರೇ. ಬಂದವರಿಗೆ ಕಂಡದ್ದು, ಪಕ್ಕದ ಕೋಣೆಯಲ್ಲಿ ಹಿಂಡಿದ ಎದೆಹಾಲನ್ನು ಸಿಂಕಿಗೆ ಸುರಿಯುತ್ತಿದ್ದ ಸೊಸೆ.

"ಯಾಕೇ ಚೆಲ್ತಿದ್ದೀಯ?"

"ಅದರಲ್ಲಿ ಇನ್ನೂ ಗುಳಿಗೆ ಅಂಶ ಇರುತ್ತೆ."

"ನರ್ಸು ಚೆಲ್ಲು ಅಂದಳಾ?"

"ಇಲ್ಲ. ಗುಳಿಗೇನೂ ಬಿಟ್ಟೆ. ನೀವೇ ಗೆದ್ರಿ, ಅತ್ತೆ."

ಎಲ್ವಿ ಕುರ್ಚಿ ಎಳೆದುಕೊಂಡು ಕೂತರು.

"ನನ್ನ ತಂಗಿ ಐರಾ ಹೇಗೆ ಸತ್ತಳು ಗೊತ್ತಾ?"

"ಸರೋವರದ ಮೇಲೆ ನಡೀವಾಗ ಮಂಜುಗಡ್ಡೆ ಒಡೆದು."

"ಹಾಗಂತ ಹೇಳ್ಕೊಂಡು ಬಂದಿದ್ದೀವಿ. ಮಂಜು ಎಲ್ಲಿ ಗಟ್ಟಿ, ಎಲ್ಲಿ ತೆಳು ಅಂತ ಅವಳಿಗೆ ಗೊತ್ತಿದ್ದಷ್ಟು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ ಕಣೇ. ಹೆತ್ತು ತಿಂಗಳಾಗಿರಲಿಲ್ಲ. ಬದುಕೋಕೆ ಬೇಜಾರು ಅಂದಳು. ಅಮ್ಮ ಸೌನಾ ಕಾಯಿಸಿಕೊಟ್ಟಳು. ನಮ್ಮನೇಲಿ ಇದ್ದದ್ದು ಅದೊಂದೇ ಔಷಧಿ."

ಟೆಸ್ಸಾ ಖಾಲಿ ಸೀಸೆಯನ್ನು ಸಿಂಕಿನ ಪಕ್ಕ ಇಟ್ಟಳು.

"ನಿನ್ನ ಗುಳಿಗೆ ನೋಡಿದಾಗೆಲ್ಲ ನನಗೆ ಮೈ ಉರೀತಿತ್ತು," ಎಂದರು ಎಲ್ವಿ. "ಅವಳಿಗೆ ಇರಲಿಲ್ಲ, ನಿನಗಿದೆಯಲ್ಲ ಅಂತ. ಎಲ್ಲಿಟ್ಟಿದ್ದೀಯ, ತೆಗಿ."

"ನುಂಗಿದ್ರೆ ಅವನಿಗೆ ಮತ್ತೆ ನಾನೇ ಏನೋ ಮಾಡಿದ ಹಾಗಾಗುತ್ತೆ, ಅತ್ತೆ. ಭಯ ಆಗುತ್ತೆ."

"ಅವನು ಉಳೀತಾನೋ ಇಲ್ವೋ ನನಗೆ ಗೊತ್ತಿಲ್ಲ. ಉಳಿದು ಮನೆಗೆ ಬಂದ್ರೆ ಅವನಮ್ಮ ಮನೇಲಿರಬೇಕು."

ಟೆಸ್ಸಾ ಬ್ಯಾಗಿನ ತಳದಿಂದ ಡಬ್ಬಿ ತೆಗೆದಳು. ಅತ್ತೆಯ ಫ್ಲಾಸ್ಕಿನ ಕಾಫಿಯಲ್ಲೇ ಗುಳಿಗೆ ನುಂಗಿದಳು. ಮಾರ್ಲಾಳನ್ನು ಕೇಳಿದ್ದಕ್ಕೆ, ಆ ಗುಳಿಗೆ ತಗೊಂಡರೂ ಹಾಲು ಚೆಲ್ಲಬೇಕಾಗಿಲ್ಲ, ಹಿಂಡಿದ್ದನ್ನು ಕೊಡಿ, ಮಗುವಿಗೆ ತೆಗೆದಿಡುತ್ತೇನೆ ಎಂದಳು. ಟೆಸ್ಸಾ ಖಾಲಿ ಸೀಸೆಯನ್ನು ಮತ್ತೆ ತುಂಬಿಸಲು ಕೂತಳು.

ಆಮೇಲೆ ಮಾರ್ಲಾ ಅವಳ ಅಂಗೈ ಹಿಡಿದು ಮಗುವಿನ ನೆತ್ತಿಯ ಮೇಲೆ ಇಟ್ಟಳು. "ಸವರಿದ್ರೆ ಇವನು ಬೆಚ್ಚುತ್ತಾನೆ. ಸುಮ್ಮನೆ ಇಟ್ಟುಕೊಂಡಿರಿ, ಸಾಕು."

ಅಂಕಿ ಇಳಿಯಿತು. ಟೆಸ್ಸಾ ಕೈ ತೆಗೆಯಲಿಲ್ಲ. ಇನ್ನೊಂದಿಷ್ಟು ಇಳಿದು, ಅಲ್ಲೇ ನಿಂತಿತು. ಬೆರಳುಗಳಿಗೆ ಸವರಬೇಕೆಂಬ ಆಸೆ ತಡೆಯಲಾರದಷ್ಟಿತ್ತು.

"ಅತ್ತೆ, ಅಳು ಬರ್ತಿದೆ."

"ಅಳು," ಎಂದರು ಎಲ್ವಿ ಮೆಲ್ಲಗೆ. "ಕೈ ಮಾತ್ರ ಅಲುಗಿಸಬೇಡ."